ರಾಕೆಟ್ ಮೇಷ್ಟ್ರು ಮತ್ತು ನನ್ನ ಎಡಗಣ್ಣು

ನನ್ನ ಎಡಗಣ್ಣು ಹೋದದ್ದು ಹತ್ತನೇ ಕ್ಲಾಸಿನಲ್ಲಿ. ಹೇಗಾಯಿತು ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ನಮ್ಮ ವಿಜ್ಞಾನದ ಮೇಷ್ಟ್ರ ವಿಷಯ. ಕೇಳಿದವರು ತಕ್ಷಣ, ‘ಹಂಗಾರೆ ಅವರಿಂದಲೇ ಆಗಿದ್ದಾ?’ ಎನ್ನುತ್ತಾರೆ. ಅಲ್ಲ ಎಂದು ಹೇಳಲು ಹೋಗಿ ಇಷ್ಟು ವರ್ಷಗಳಲ್ಲಿ ಒಬ್ಬರನ್ನೂ ಒಪ್ಪಿಸಲು ನನ್ನಿಂದ ಆಗಿಲ್ಲ. ಮೇಷ್ಟ್ರನ್ನೇ ಒಪ್ಪಿಸಲು ಆಗಲಿಲ್ಲ.

ಅವರು ಮೊಳಕಾಲ್ಮೂರಿನವರು. ರೇಷ್ಮೆ ಸೀರೆ ನೇಯುವ ಮನೆತನ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಖುಷಿಯಾದಾಗ ಎರಡೂ ಕಲಸಿಹೋಗುತ್ತಿದ್ದವು. ಚಳ್ಳಕೆರೆಯಲ್ಲಿ ನಮ್ಮ ಹೈಸ್ಕೂಲಿಗೆ ಬಂದ ಮೇಲೆ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ಒಂದು ರೂಮು ಹಿಡಿದಿದ್ದರು. ಶನಿವಾರ ಬೆಳಗಿನ ಸ್ಕೂಲು ಮುಗಿದ ಕೂಡಲೇ ಬಸ್ಸು ಹತ್ತಿ ಊರಿಗೆ ಹೋಗಿ, ಸೋಮವಾರ ಬೆಳಿಗ್ಗೆ ಅದೇ ಬಸ್ಸಿನ ಧೂಳು ಮೆತ್ತಿಕೊಂಡು ನೇರವಾಗಿ ಪ್ರಾರ್ಥನೆಗೆ ಬಂದು ನಿಲ್ಲುತ್ತಿದ್ದರು. ಕುಳ್ಳನೆಯ ಆಳು, ದೊಡ್ಡ ಕಿವಿ, ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಯಾವಾಗಲೂ ಒಂದು ಬಣ್ಣದ ಸೀಮೆಸುಣ್ಣ. ಹುಡುಗರು ಅವರಿಗೆ ‘ರಾಕೆಟ್ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು, ಬೇಜಾರಿರಲಿಲ್ಲ.

ಗ್ರಹಗಳ ಪಾಠವನ್ನು ಅವರು ಕ್ಲಾಸಿನೊಳಗೆ ಮಾಡಿದ್ದೇ ಇಲ್ಲ. ಮೈದಾನದ ಒಂದು ಮೂಲೆಯಲ್ಲಿ ನೀರಿನ ಕೊಡವನ್ನು ಬೋರಲು ಹಾಕಿ, ‘ಇದು ಸೂರ್ಯ’ ಅಂದರು. ನನ್ನ ಅಂಗೈಯಲ್ಲಿ ಒಂದು ಜೋಳದ ಕಾಳಿಟ್ಟು, ‘ನೀನು ಭೂಮಿ, ನಡಿ’ ಅಂದರು. ನಾನು ಧ್ವಜದ ಕಂಬದಾಚೆ ಹೋಗಿ ನಿಂತೆ. ಗುರು ಗ್ರಹವಾದ ಹುಡುಗಿ ಒಂದು ನಿಂಬೆಹಣ್ಣು ಹಿಡಿದು ಶಾಲೆಯ ಕಾಂಪೌಂಡು ದಾಟಿದಳು. ಯುರೇನಸ್ಸು ಬಸ್ ಸ್ಟ್ಯಾಂಡಿನ ದಾರಿ ಹಿಡಿಯಿತು. ನೆಪ್ಚೂನನ್ನು ಶೇಂಗಾ ಮಾರ್ಕೆಟ್ಟಿನ ಗೇಟಿನವರೆಗೆ ಕಳಿಸಿದರು. ಪ್ಲೂಟೊ ಆದವನು ನಡೆದೂ ನಡೆದೂ ತನ್ನ ಮನೆಯ ಹತ್ತಿರ ಬಂದದ್ದರಿಂದ ಮನೆಗೇ ಹೋಗಿ ಊಟಕ್ಕೆ ಕೂತುಬಿಟ್ಟಿದ್ದ. ಹೆಡ್ ಮಾಸ್ಟರು ಬೈದಾಗ ಮೇಷ್ಟ್ರು ನಗುತ್ತಾ ಹೇಳಿದ್ದು ಇಷ್ಟೇ: ‘ಸಾರ್, ಎಷ್ಟು ದೂರ ಐತೆ ಅಂತ ಇನ್ನು ಯಾರೂ ಮರೆಯಲ್ಲ ಬಿಡಿ.’

ನಮ್ಮ ದೇಶದ ಉಪಗ್ರಹ ಹಾರುವ ದಿನ ಅವರು ತಮ್ಮ ಚಿಕ್ಕ ರೇಡಿಯೋವನ್ನು ಸ್ಟಾಫ್ ರೂಮಿನ ಕಿಟಕಿಯಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಹಾರಿತೆಂದರೆ ಇಡೀ ಕ್ಲಾಸಿಗೆ ಖಾರ ಮಂಡಕ್ಕಿ. ಬಿತ್ತೆಂದರೆ ಬಾಡಿದ ಮುಖದಲ್ಲಿ ಬಂದು, ಎಲ್ಲಿ ಏನು ಕೆಟ್ಟಿರಬಹುದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದರು. ಆವತ್ತು ಅವರು ಮಧ್ಯಾಹ್ನದ ಊಟ ಮಾಡುತ್ತಿರಲಿಲ್ಲ. ಯಾರದೋ ಮನೆಯಲ್ಲಿ ಸಾವಾದರೆ ಹೇಗೋ ಹಾಗಿರುತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಪರೀಕ್ಷೆಯ ಹೊತ್ತಿಗೆ, ಪಡುವಣದ ಆಕಾಶದಲ್ಲಿ ಒಂದು ಧೂಮಕೇತು ಕಾಣಿಸಿತು. ಊರಲ್ಲಿ ಅದನ್ನು ಅಪಶಕುನ ಎಂದವರೇ ಹೆಚ್ಚು. ಮೇಷ್ಟ್ರು ನಮ್ಮ ನಮ್ಮ ಮನೆಗಳಿಗೆ ಬಂದು, ಮಕ್ಕಳನ್ನು ಸಂಜೆ ಊರ ಹೊರಗೆ ಕರೆದುಕೊಂಡು ಹೋಗಲು ಅಪ್ಪಣೆ ಕೇಳಿದರು. ನಮ್ಮದು ಮಂಡಿ ವ್ಯಾಪಾರದ ಮನೆ. ಅಪ್ಪನಿಗೆ ಒಂದು ಎಣ್ಣೆ ಮಿಲ್ಲೂ ಇತ್ತು. ಅಪ್ಪ ಮೇಷ್ಟ್ರಿಗೆ ಕಾಫಿ ಕೊಡಿಸಿ, ‘ನಾನೂ ಬರ್ತೀನಿ ನಡೀರಿ, ಅದೇನು ನೋಡೇಬಿಡಾನ’ ಎಂದು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹೊರಟೇಬಿಟ್ಟ. ಹೊತ್ತು ಮುಳುಗಿ ಕೆಂಪು ಇನ್ನೂ ಆರಿರಲಿಲ್ಲ. ಮರ ಗಿಡ ಇಲ್ಲದ ನಮ್ಮ ಬಯಲಿನಲ್ಲಿ ಆಕಾಶ ನೆಲದವರೆಗೂ ಇಳಿದಿರುತ್ತದೆ. ಅಲ್ಲಿ, ಬೆರಳಿಂದ ಉಜ್ಜಿದ ಸುಣ್ಣದ ಗೆರೆಯಂತೆ ಅದು ನಿಂತಿತ್ತು.

‘ಇದಕ್ಕೆ ಬಾಲ ಯಾಕೈತೆ ಮೇಷ್ಟ್ರೇ?’ ಎಂದು ಅಪ್ಪ ಕೇಳಿದ.

ಮೇಷ್ಟ್ರು ಹೇಳಿದರು. ಅಪ್ಪ ಮತ್ತೆ ಕೇಳಿದ. ಅವರಿಬ್ಬರೂ ಮಾತಾಡುತ್ತಾ ನಿಂತು, ನಾವು ಮಕ್ಕಳು ಚಪ್ಪಲಿ ಬಿಚ್ಚಿ ಕೂತರೂ ಅವರಿಗೆ ಪರಿವೆಯೇ ಇರಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಅವ್ವನಿಗೆ, ‘ಈ ಮನುಷ್ಯ ಇಲ್ಲಿ ಇರೋದೇ ನಮ್ಮ ಪುಣ್ಯ ಕಣೇ’ ಅಂದ. ಆ ಮಾತನ್ನು ನಾನು ಆಮೇಲೆ ಎಷ್ಟೋ ಸಲ ಅಪ್ಪನಿಗೆ ನೆನಪಿಸಬೇಕೆಂದುಕೊಂಡು ಬಾಯಿ ತೆರೆದು ಮುಚ್ಚಿದ್ದೇನೆ.

ಮುಂದಿನ ವರ್ಷ ನಮ್ಮ ಶಾಲೆಯಲ್ಲಿ ವಿಜ್ಞಾನದ ವಸ್ತುಪ್ರದರ್ಶನ ನಡೆಯಿತು. ಸುತ್ತಲಿನ ಶಾಲೆಗಳ ಮಕ್ಕಳೂ ಬಂದಿದ್ದರು. ಎಲ್ಲದರ ಕೊನೆಗೆ ಮೈದಾನದಲ್ಲಿ ಮೇಷ್ಟ್ರ ನೀರಿನ ರಾಕೆಟ್ಟು. ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ ಒಂದಿಷ್ಟು ನೀರು, ಬಾಯಿಗೆ ಬಿರಡೆ, ಬಿರಡೆಯಲ್ಲಿ ಸೈಕಲ್ ಟ್ಯೂಬಿನ ವಾಲ್ವು. ಪಂಪಿನಿಂದ ಗಾಳಿ ತುಂಬುತ್ತಾ ಹೋದರೆ ಒಂದು ಹಂತದಲ್ಲಿ ಬಿರಡೆ ಕಿತ್ತು, ನೀರು ಕೆಳಕ್ಕೆ ಚಿಮ್ಮಿ, ಬಾಟಲಿ ಮೇಲಕ್ಕೆ ಹಾರುತ್ತದೆ. ಹಿಂದಿನ ವಾರ ಎಷ್ಟೋ ಸಲ ಹಾರಿಸಿ ನೋಡಿದ್ದರು. ನೆಟ್ಟಗೆ ಹೋಗಲಿ ಎಂದು ತಲೆಕೆಳಗಾಗಿ ನಿಂತ ಬಾಟಲಿಯ ಮೇಲಿನ ಮೂತಿಗೆ ಒಂದು ಮರದ ಬುಗುರಿಯನ್ನು ಬಿಗಿದಿದ್ದರು. ನಾವು ನಿಲ್ಲುವುದಕ್ಕೆ ದೂರದಲ್ಲಿ ಹಗ್ಗ ಕಟ್ಟಿಸಿದ್ದರು. ‘ಯಾರೂ ಹಗ್ಗ ದಾಟಬಾರದು, ತಿಳೀತಾ?’ ಎಂದು ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು. ಯಾರೂ ದಾಟಲಿಲ್ಲ. ನಾನೂ ದಾಟಿರಲಿಲ್ಲ.

ಅವರೇ ಪಂಪು ಹೊಡೆದರು. ನಾವೆಲ್ಲ ಹತ್ತರಿಂದ ಹಿಂದಕ್ಕೆ ಎಣಿಸಿದೆವು. ಅದು ಏಳಲಿಲ್ಲ. ಯಾರೋ ನಕ್ಕರು. ಅವರು ಇನ್ನೆರಡು ಸಲ ಒತ್ತಿದರು. ಬಾಟಲಿ ನಿಂತಿದ್ದ ಮರದ ಸ್ಟ್ಯಾಂಡಿನ ಒಂದು ಕಾಲು ಆಗಲೇ ಸೀಳಿತೋ, ನೀರಿಗೆ ನೆಲ ಮೆತ್ತಗಾಗಿ ಕುಸಿಯಿತೋ, ಅದು ಪಕ್ಕಕ್ಕೆ ವಾಲಿದ್ದು ಮಾತ್ರ ನನಗೆ ಕಂಡಿತು. ಆಮೇಲೆ ಕಂಡದ್ದೇನೂ ಇಲ್ಲ. ಒಂದು ಏಟು, ಮುಖವೆಲ್ಲ ನೀರು. ಅದು ನೀರೇ ಎಂದುಕೊಂಡು ನಾನು ಒರೆಸಿಕೊಳ್ಳಲು ಹೋದೆ. ಪಕ್ಕದಲ್ಲಿದ್ದ ಹುಡುಗಿ ಕಿರುಚಿದ ಮೇಲೆ ಅದು ನೀರಲ್ಲ ಎಂದು ಗೊತ್ತಾಯಿತು.

ಮೇಷ್ಟ್ರು ನನ್ನನ್ನು ಎತ್ತಿಕೊಂಡು ಓಡಿದರು. ಅಷ್ಟು ಚಿಕ್ಕ ಆಳು ನನ್ನಂಥ ಬೆಳೆದ ಹುಡುಗಿಯನ್ನು ಹೇಗೆ ಹೊತ್ತರೋ. ಆಟೋದಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ‘ಏಮೀ ಕಾದು ತಲ್ಲೀ, ಏಮೀ ಕಾದು’ ಎಂದು ತೆಲುಗಿನಲ್ಲಿ ಒಂದೇ ಸಮನೆ ಹೇಳುತ್ತಿದ್ದರು. ಏನೂ ಆಗಲ್ಲ ತಾಯಿ, ಏನೂ ಆಗಲ್ಲ.

ಚಳ್ಳಕೆರೆಯ ಡಾಕ್ಟರು ನೋಡಿ ದಾವಣಗೆರೆಗೆ ಎಂದರು. ದಾವಣಗೆರೆಯವರು ನೋಡಿ ಬೆಂಗಳೂರಿಗೆ ಎಂದರು. ಬೆಂಗಳೂರಿನಲ್ಲಿ ಹೊಲಿಗೆ ಹಾಕಿದರು, ಕಾದರು, ಮತ್ತೆ ಆಪರೇಷನ್ ಮಾಡಿದರು. ಕೊನೆಗೊಂದು ದಿನ ದೊಡ್ಡ ಡಾಕ್ಟರು ಅಪ್ಪನನ್ನು ಕರೆದು, ಆ ಕಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ, ಅದನ್ನು ತೆಗೆಯದೆ ಬಿಟ್ಟರೆ ಒಳ್ಳೆಯ ಕಣ್ಣಿಗೂ ಅಪಾಯ ಎಂದು ಹೇಳಿದರು. ಅಪ್ಪ ಗೋಡೆಗೆ ಹಣೆ ಒತ್ತಿಕೊಂಡು ನಿಂತದ್ದನ್ನು ನಾನು ಉಳಿದ ಕಣ್ಣಿನಿಂದ ನೋಡಿದೆ.

ಮೇಷ್ಟ್ರೂ ಬೆಂಗಳೂರಿಗೆ ಬಂದಿದ್ದರು. ಅಪ್ಪ ಮತ್ತು ಸೋದರಮಾವ ಅವರನ್ನು ವಾರ್ಡಿನ ಬಾಗಿಲಿಂದ ದಬ್ಬಿದರು. ಆಮೇಲೆ ಅವರು ಗೇಟಿನ ಹೊರಗಿನ ಮರದ ಕೆಳಗೆ ನಿಂತಿರುತ್ತಿದ್ದರು. ಕಿಟಕಿಯಿಂದ ನೋಡಿ ನನಗೆ ಹೇಳುತ್ತಿದ್ದವಳು ಅವ್ವ.

‘ಅವ್ವ, ಸಾರ್‌ಗೆ ಒಳಗೆ ಬರಾಕೆ ಹೇಳು. ನಾನು ಮಾತಾಡ್ಬೇಕು.’

‘ಸುಮ್ನಿರವ್ವ, ನಿಮ್ಮಪ್ಪಗೆ ಗೊತ್ತಾದ್ರೆ ಕೊಂದೇಬಿಡ್ತಾರೆ.’

‘ಅವರದೇನು ತಪ್ಪೈತೆ? ಹಗ್ಗ ಕಟ್ಟಿದ್ರು. ದೂರ ನಿಲ್ಸಿದ್ರು.’

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಕೆಳಗೆ ಹೋದಳು. ಬಂದು ಹೇಳಿದಳು: ‘ಊಟ ಮಾಡಿಲ್ಲ ಅನ್ಸುತ್ತೆ. ಹೋಗ್ರಿ ಸಾರ್, ಊರಿಗೆ ಹೋಗ್ರಿ ಅಂದೆ. ತಲೆ ಎತ್ತಿ ನೋಡ್ಲಿಲ್ಲ.’ ಮರುದಿನ ಮರದ ಕೆಳಗೆ ಅವರು ಇರಲಿಲ್ಲ.

ಊರಿಗೆ ಬಂದ ಮೇಲೆ ಅಪ್ಪ ಪೊಲೀಸ್ ಕಂಪ್ಲೇಂಟು ಕೊಟ್ಟ. ಶಿಕ್ಷಣ ಇಲಾಖೆಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ನಮ್ಮ ಮನೆಗೇ ಬಂದರು. ನಾನು ಎಷ್ಟೋ ದಿನಗಳಿಂದ ಕಾಯುತ್ತಿದ್ದದ್ದು ಅದಕ್ಕೇ. ಅಪ್ಪ ಪಕ್ಕದಲ್ಲಿ ಕೂತಿದ್ದರೂ ಹೆದರದೆ ಎಲ್ಲ ಹೇಳಿದೆ: ಹಗ್ಗ, ಅವರು ಕೂಗಿದ್ದು, ಮೊದಲೇ ಪರೀಕ್ಷೆ ಮಾಡಿದ್ದು, ನನ್ನನ್ನು ಹೊತ್ತು ಓಡಿದ್ದು. ಅಧಿಕಾರಿ ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾ, ‘ನೀನು ಹೇಳೋದು ಸರಿ ಮಗಳೇ. ಆದರೆ ತಪ್ಪೆಲ್ಲ ನಂದೇ ಅಂತ ಅವರೇ ಒಪ್ಕೊಂಡಿದ್ದಾರಲ್ಲ? ನಾವೇನು ಮಾಡೋದು?’ ಅಂದರು.

ನನಗೆ ಆ ಹೊತ್ತಿನಲ್ಲಿ ಆದ ಸಂಕಟ ಕಣ್ಣು ಹೋದಾಗಲೂ ಆಗಿರಲಿಲ್ಲ. ಮೇಷ್ಟ್ರ ಪರವಾಗಿ ಈ ಊರಿನಲ್ಲಿ ಮಾತಾಡುವವಳು ನಾನೊಬ್ಬಳೇ. ನನ್ನ ಮಾತನ್ನು ಕೆಡವಿದವರು ಅವರೇ.

ಊರಿನ ಹಿರಿಯರು ನಡುವೆ ಬಂದು ರಾಜಿ ಮಾಡಿಸಿದರು. ಕೇಸು ವಾಪಸ್ಸು, ಮೇಷ್ಟ್ರು ಮಾತ್ರ ಚಳ್ಳಕೆರೆಯಲ್ಲಿ ಇರಬಾರದು. ಅವರಿಗೆ ರಾಂಪುರದ ಆಚೆಯ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ‘ಅಪ್ಪಾಜಿ, ಸಾರ್ ತಪ್ಪಿಲ್ಲ ಅಪ್ಪಾಜಿ’ ಎಂದು ನಾನು ಅಪ್ಪನ ಕಾಲು ಹಿಡಿದುಕೊಂಡಿದ್ದೆ. ಅಪ್ಪ ಕಾಲು ಬಿಡಿಸಿಕೊಂಡು, ‘ನಾಳೆ ನಿನ್ನ ಯಾರು ಮದುವೆ ಆಗ್ತಾರೆ, ಅವ್ರನ್ನ ಕೇಳಿಕ್ಯಂಡು ಬಾ ಹೋಗು’ ಎಂದು ಮಿಲ್ಲಿಗೆ ನಡೆದ. ಆ ಮಾತಿನಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ನಾನು ಹಟ ಹಿಡಿದು ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡೆ. ಅಪ್ಪನಿಗೆ ಇಷ್ಟವಿರಲಿಲ್ಲ. ಇದ್ದ ಒಂದು ಕಣ್ಣನ್ನೂ ಓದಿ ಹಾಳು ಮಾಡಿಕೊಳ್ಳುತ್ತಾಳೆ ಎಂದು ಮನೆಯಲ್ಲಿ ದಿನವೂ ಜಗಳ. ಎಡಗಣ್ಣಿನ ಜಾಗದಲ್ಲಿ ಕೃತಕ ಕಣ್ಣು ಕೂರಿಸಿದ್ದರು. ಅದು ಒಂದೇ ಕಡೆ ನೋಡುತ್ತಿತ್ತು. ಹುಡುಗರು ದಿಟ್ಟಿಸುವುದನ್ನು ತಾಳಲಾರದೆ ಬಣ್ಣದ ಕನ್ನಡಕ ಹಾಕಿಕೊಳ್ಳುತ್ತಿದ್ದೆ. ಎರಡನೇ ವರ್ಷದಲ್ಲಿ ಒಂದು ದಿನ, ಗೆಳತಿಯ ಮನೆಗೆ ಎಂದು ಹೇಳಿ, ಬಳ್ಳಾರಿ ಬಸ್ಸು ಹತ್ತಿ ರಾಂಪುರದಲ್ಲಿ ಇಳಿದು, ಅಲ್ಲಿಂದ ಟೆಂಪೋ ಹಿಡಿದು ಮೇಷ್ಟ್ರ ಶಾಲೆ ಹುಡುಕಿಕೊಂಡು ಹೋದೆ.

ಅವರು ಜಗುಲಿಯ ಮೇಲೆ ನಿಂತು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಗುರುತು ಹಿಡಿದರು. ಆದರೆ ನೋಟವೆಲ್ಲ ನನ್ನ ಚಪ್ಪಲಿಯ ಮೇಲೆ.

‘ಓದ್ತಾ ಇದ್ದೀಯೇನಮ್ಮಾ?’

‘ಹ್ಞೂಂ ಸಾರ್. ಸೈನ್ಸೇ ತಗಂಡಿದ್ದೀನಿ.’

‘ಒಳ್ಳೇದು.’

‘ಇಲ್ಲಿ ಮಕ್ಕಳಿಗೆ ಗ್ರಹಗಳ ಪಾಠ ಹೊರಗೆ ಮಾಡ್ತೀರಾ ಸಾರ್?’

‘ಸೈನ್ಸ್ ಬೇರೆ ಮೇಷ್ಟ್ರು ತಗಂತಾರೆ. ನಾನು ಲೆಕ್ಕ ಮಾತ್ರ.’

‘ರೇಡಿಯೋ?’

ಅವರು ಒಳಗೆ ಹೋಗಿ ನನಗೆ ಒಂದು ಲೋಟ ನೀರು ತಂದರು. ಕೊಡುವಾಗಲೂ ಮುಖ ಎತ್ತಲಿಲ್ಲ. ‘ಬಿಸಿಲಾಗ್ತೈತೆ, ಬಸ್ಸು ತಪ್ಪುತ್ತೆ, ಹೊರಡಮ್ಮ’ ಅಂದರು. ಹತ್ತಿರ ಇದ್ದ ಒಬ್ಬ ಹುಡುಗಿಯನ್ನು, ನಿಮ್ಮ ಮೇಷ್ಟ್ರು ರಾಕೆಟ್ ಬಗ್ಗೆ ಹೇಳ್ತಾರಾ ಎಂದು ಕೇಳಿದೆ. ಅವಳಿಗೆ ನಾನು ಏನು ಕೇಳುತ್ತಿದ್ದೇನೆಂದೇ ಅರ್ಥವಾಗಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಅತ್ತೆ. ಕಣ್ಣಿಲ್ಲದ ಕಡೆಯಿಂದಲೂ ನೀರು ಬರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ಒಂದು ಶನಿವಾರ ಸಂಜೆ ಟಿವಿಯಲ್ಲಿ ಆ ಸುದ್ದಿ ಬಂತು. ಅಂತರಿಕ್ಷಕ್ಕೆ ಹೋಗಿದ್ದ ಅಮೆರಿಕದ ನೌಕೆ ವಾಪಸ್ಸು ಬರುವಾಗ ಆಕಾಶದಲ್ಲೇ ಚೂರಾಗಿತ್ತು. ಅದರಲ್ಲಿದ್ದ ಏಳು ಜನರಲ್ಲಿ ಒಬ್ಬಳು ನಮ್ಮ ದೇಶದಲ್ಲಿ ಹುಟ್ಟಿದವಳು. ಬಿಳಿಯ ಗೆರೆಯೊಂದು ಎರಡಾಗಿ, ನಾಲ್ಕಾಗಿ ಒಡೆಯುವುದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಅವ್ವ ‘ಅಯ್ಯೋ ಶಿವನೇ’ ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಮೇಷ್ಟ್ರು ಈಗ ಎಲ್ಲಿ ಕೂತು ಇದನ್ನು ನೋಡುತ್ತಿರಬಹುದು ಎಂಬುದೊಂದೇ ಯೋಚನೆ. ಬೆಳಗಾಗುತ್ತಲೇ ಅವ್ವನಿಗೆ ಮಾತ್ರ ಹೇಳಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ನೇಕಾರರ ಬೀದಿಯಲ್ಲಿ ಕೇಳಿದರೆ ಮನೆ ತೋರಿಸಿದರು. ಭಾನುವಾರವಾದರೂ ಅಕ್ಕಪಕ್ಕದ ಮನೆಗಳಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಅವರ ಮನೆಯ ಮಗ್ಗ ಮಾತ್ರ ನಿಂತಿತ್ತು. ಅರ್ಧ ನೇಯ್ದ ಸೀರೆಯ ಮುಂದೆ ಮೇಷ್ಟ್ರ ಹೆಂಡತಿ ಸುಮ್ಮನೆ ಕೂತಿದ್ದರು. ನಾನು ಕನ್ನಡಕ ತೆಗೆದೆ. ಅವರು ಒಂದು ಕ್ಷಣ ನೋಡಿ, ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

‘ನೀನಾ ತಾಯಿ? ರಾತ್ರಿ ಪಕ್ಕದ ಮನೇಲಿ ಟಿವಿ ನೋಡಿ ಬಂದೋರು ಊಟ ಮುಟ್ಟಿಲ್ಲ. ನಾನು ಏಳೋ ಹೊತ್ತಿಗೆ ಮನೇಲಿಲ್ಲ. ಚಪ್ಪಲಿನೂ ಇಲ್ಲೇ ಐತೆ. ನಂಗ್ಯಾಕೋ ಭಯ ಆಗ್ತೈತೆ.’

ಅವರಿಗೆ ಮಕ್ಕಳಿರಲಿಲ್ಲ. ಹುಡುಕಲು ನಾವಿಬ್ಬರೇ. ಬಸ್ ಸ್ಟ್ಯಾಂಡಿನ ಹೋಟೆಲು, ದೇವಸ್ಥಾನ, ಕೆರೆಯ ಏರಿ, ಎಲ್ಲ ನೋಡಿದೆವು. ಯಾರೂ ಕಂಡಿಲ್ಲ ಎಂದರು. ಊರಾಚೆಯ ತೋಟದ ಬಾವಿಯ ಹತ್ತಿರ ಬಂದಾಗ ಆಕೆ ನನ್ನ ಕೈ ಬಿಟ್ಟು ಓಡಿ, ಕಟ್ಟೆಯ ಮೇಲೆ ಬಗ್ಗಿ ಒಳಗೆ ನೋಡಿದರು. ನಾನು ದೂರದಲ್ಲೇ ನಿಂತುಬಿಟ್ಟೆ. ಆಕೆ ತಿರುಗಿ ಇಲ್ಲ ಎನ್ನುವಂತೆ ತಲೆಯಾಡಿಸಿದರು. ಅದಾದ ಮೇಲೆ ಇನ್ನೊಂದು ಬಾವಿ. ಅದನ್ನೂ ನೋಡಿದರು. ಏನು ಕೇಳಿದರೂ ತೆಲುಗಿನಲ್ಲಿ ದೇವರನ್ನು ಕರೆಯುತ್ತಿದ್ದರು, ಅಷ್ಟೇ.

ಕುರಿ ಕಾಯುತ್ತಿದ್ದ ಒಬ್ಬ ಮುದುಕ ಗುಡ್ಡದ ಕಡೆ ಕೈ ತೋರಿಸಿದ. ಬರಿಗಾಲಲ್ಲಿ ಒಬ್ಬರು ಹತ್ತಿ ಹೋದದ್ದನ್ನು ಬೆಳಿಗ್ಗೆ ನೋಡಿದ್ದನಂತೆ. ಕಲ್ಲುಗುಂಡುಗಳ ನಡುವೆ ಹತ್ತಿದೆವು. ಒಂದು ಕಣ್ಣಿನವಳಿಗೆ ಕಾಲಿಡುವ ಜಾಗ ಎಷ್ಟು ಆಳ ಎಂದು ತಿಳಿಯುವುದಿಲ್ಲ. ಎರಡು ಕಡೆ ಬಿದ್ದೆ, ಮೊಣಕಾಲು ತರಚಿತು. ಮೇಲೆ, ಒಂದು ಬಂಡೆಯ ಮಗ್ಗುಲಲ್ಲಿ, ಬಿಸಿಲಲ್ಲೇ ಮೇಷ್ಟ್ರು ಕೂತಿದ್ದರು. ನಮ್ಮನ್ನು ನೋಡಿ ಏಳಲಿಲ್ಲ. ಹೆಂಡತಿ ಅವರ ಭುಜಕ್ಕೆ ಒಂದು ಗುದ್ದು ಗುದ್ದಿ, ಪಕ್ಕದಲ್ಲಿ ಕುಸಿದು ಕೂತು ಗಟ್ಟಿಯಾಗಿ ಅತ್ತರು.

ಆಕೆಯ ಅಳು ನಿಂತ ಮೇಲೆ ಮೇಷ್ಟ್ರು ಮಾತಾಡಿದರು. ನನಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ.

‘ಹಗ್ಗದಾಚೆ ನಿಂತೋರಿಗೆ ಏನೂ ಆಗಲ್ಲ ಅಂತ ನಾನೇ ಹೇಳಿದ್ದೆ. ಆ ನೌಕೆ ಬಿಟ್ಟೋರಲ್ಲೂ ಯಾರೋ ಒಬ್ಬ ಹಂಗೇ ಹೇಳಿರ್ತಾನೆ ಅಲ್ವೇನಮ್ಮ? ಎಲ್ಲಾ ನೋಡಿದ್ದೀನಿ, ಏನೂ ಆಗಲ್ಲ, ವಾಪಸ್ ಬನ್ನಿ ಅಂತ. ಅವನು ಇವತ್ತು ಎಲ್ಲಿ ಕೂತಿರ್ತಾನೆ? ಅವನ ಹತ್ರ ಯಾರು ಹೋಗಿರ್ತಾರೆ?’

ನಾನು ಅವರ ಎದುರಿಗೆ ಹೋಗಿ ಕೂತೆ.

‘ಮೂತಿಗೆ ಬುಗುರಿ ಕಟ್ಟಬಾರದಿತ್ತು. ಬರೀ ಬಾಟಲಿ ಆಗಿದ್ರೆ ನಿನ್ನ ಕಣ್ಣು ಉಳೀತಿತ್ತು. ನೆಟ್ಟಗೆ ಹೋಗ್ಲಿ ಅಂತ ಕಟ್ಟಿದೆ. ಮಕ್ಕಳ ಮುಂದೆ ಚೆನ್ನಾಗಿ ಹಾರ್ಲಿ ಅಂತ.’

‘ಸಾರ್, ನನ್ನ ಮುಖ ನೋಡಿ.’

ನೋಡಲಿಲ್ಲ.

‘ಇಷ್ಟು ವರ್ಷದಿಂದ ನೀವು ನನ್ನ ನೋಡಿಲ್ಲ ಸಾರ್. ಊರೋರೆಲ್ಲ ನೋಡ್ತಾರೆ. ಬಸ್ಸಲ್ಲಿ ನೋಡ್ತಾರೆ, ಕಾಲೇಜಲ್ಲಿ ನೋಡ್ತಾರೆ, ಗಂಡಿನ ಕಡೆಯೋರು ಬಂದು ನೋಡಿ ಹೋಗ್ತಾರೆ. ನೀವೊಬ್ಬರೇ ನೋಡಿಲ್ಲ. ನೋಡಿ ಸಾರ್.’

ನಾನು ಕೂಗುತ್ತಿದ್ದೆ ಎಂದು ನನಗೇ ಆಮೇಲೆ ತಿಳಿಯಿತು. ಅವರು ಮೆಲ್ಲಗೆ ತಲೆ ಎತ್ತಿದರು. ಮೊದಲು ಒಳ್ಳೆಯ ಕಣ್ಣು, ಆಮೇಲೆ ಇನ್ನೊಂದು. ನೋಡುತ್ತಲೇ ಇದ್ದರು.

‘ನೋವು ಐತೇನಮ್ಮ?’

‘ಇಲ್ಲ ಸಾರ್. ಧೂಳು ಒಳಗೆ ಹೋದ್ರೆ ಮಾತ್ರ.’

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಇಳಿಯುವಾಗ ನನಗೆ ತಗ್ಗು ಎತ್ತರ ತಿಳಿಯುವುದಿಲ್ಲವೆಂದು ಗೊತ್ತಾಗಿ, ‘ಇಲ್ಲಿ ತಗ್ಗೈತೆ, ಇಲ್ಲಿ ಎತ್ತರ ಐತೆ’ ಎನ್ನುತ್ತಾ ಮುಂದೆ ಮುಂದೆ ನಡೆದರು. ಅವರ ಮನೆಯಲ್ಲಿ ಮೂವರೂ ಕೂತು ಮುದ್ದೆ ಉಂಡೆವು. ಉಣ್ಣುವಾಗ ನಾನು, ಕೆಳಗೆ ಬರುವಾಗ ಆ ನೌಕೆ ಯಾಕೆ ಅಷ್ಟು ಬಿಸಿಯಾಗುತ್ತದೆ ಸಾರ್ ಎಂದು ಕೇಳಿದೆ. ಅವರು ತಟ್ಟೆ ಪಕ್ಕಕ್ಕಿಟ್ಟು, ಎಡಗೈಯನ್ನು ನೌಕೆ ಮಾಡಿಕೊಂಡು, ಗಾಳಿ ಅದರ ಹೊಟ್ಟೆಯ ಕೆಳಗೆ ಹೇಗೆ ಅದುಮಿಕೊಂಡು ಕೆಂಡವಾಗುತ್ತದೆ ಎಂದು ಹೇಳತೊಡಗಿದರು. ಅವರ ಹೆಂಡತಿ ತುತ್ತು ಎತ್ತುವುದನ್ನು ಮರೆತು ಗಂಡನನ್ನೇ ನೋಡುತ್ತಿದ್ದರು.

ಮನೆಗೆ ಬಂದು ಅಪ್ಪನಿಗೆ ನಾನೇ ಹೇಳಿದೆ. ಅಪ್ಪ ಊಟದ ತಟ್ಟೆಯಿಂದ ಎದ್ದು ಕೈ ತೊಳೆದ. ‘ಇನ್ನೊಂದ್ಸಲ ಆ ಮನೆಗೆ ಹೋದ್ರೆ ನನ್ನ ಜೊತೆ ಮಾತಾಡಬ್ಯಾಡ’ ಅಂದ. ನಾನು ಹೋದೆ. ಅಪ್ಪ ಮಾತು ಬಿಡಲಿಲ್ಲ, ಆದರೆ ಆ ವಿಷಯದ ಸುತ್ತ ನಮ್ಮ ಮನೆಯಲ್ಲಿ ಒಂದು ಗೋಡೆ ಎದ್ದಿತು.

ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ. ಬಿ.ಎಡ್. ಮುಗಿಸಿ ಚಳ್ಳಕೆರೆಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ಗೊತ್ತಾಗದ್ದನ್ನು ಮೇಷ್ಟ್ರಿಗೆ ಫೋನ್ ಮಾಡಿ ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಆದರೆ ತಮ್ಮ ಶಾಲೆಯಲ್ಲಿ ಅವರು ಲೆಕ್ಕ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಮಕ್ಕಳ ಮುಂದೆ ನಿಂತು ಆಕಾಶದ ಮಾತೆತ್ತಲು ಅವರಿಗೆ ಆಗುತ್ತಲೇ ಇರಲಿಲ್ಲ. ‘ನನ್ನ ಮಕ್ಕಳಿಗೆ ಒಂದೇ ಒಂದು ಪಾಠ ಮಾಡಿ ಸಾರ್, ಪಂಪು ಬೇಡ, ಬಾಟಲಿ ಬೇಡ, ಬರೀ ಮಾತು’ ಎಂದು ಬೇಡಿಕೊಂಡೆ. ಒಂದು ವರ್ಷ ಬೇಡಿಕೊಂಡ ಮೇಲೆ ಒಪ್ಪಿದರು.

ಆ ದಿನ ನನ್ನ ಮಕ್ಕಳು ಗೇಟಿನಲ್ಲಿ ಹೂ ಹಿಡಿದು ನಿಂತರು. ಹನ್ನೊಂದರ ಬಸ್ಸು ಬಂತು, ಅವರಿಲ್ಲ. ಮಧ್ಯಾಹ್ನದ ಬಸ್ಸು ಬಂತು. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ, ಪ್ಲಾಟ್‌ಫಾರಂ ಎಲ್ಲ ಹುಡುಕಿದೆ. ಸಂಜೆ ಅವರೇ ಫೋನ್ ಮಾಡಿದರು. ಇಸ್ತ್ರಿ ಅಂಗಿ ಹಾಕಿಕೊಂಡು ಚಳ್ಳಕೆರೆವರೆಗೂ ಬಂದಿದ್ದರಂತೆ. ಬಸ್ಸು ನಿಂತಾಗ ಸೀಟಿನಿಂದ ಏಳಲಾಗಲಿಲ್ಲವಂತೆ. ಅದೇ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರಿಗೆ ಹೋಗಿದ್ದರು. ‘ಕಾಲು ಬರ್ಲಿಲ್ಲ ಕಣಮ್ಮ. ಮಕ್ಕಳು ಕಾಯ್ತಿದ್ರೇನು?’ ಎಂದರು. ಇಲ್ಲ ಸಾರ್ ಎಂದೆ. ಹೂವೆಲ್ಲ ಬಾಡಿ ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿತ್ತು. ಇನ್ನೊಂದು ಸಲ ಕರೆಯುವ ಧೈರ್ಯ ನನಗೆ ಬರಲಿಲ್ಲ.

ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇರುವಾಗಲೇ ಅವರು ಹೋದರು. ಶಾಲೆಯಿಂದ ಬಂದು, ಎದೆ ಹಿಡಿದಂಗಾಗ್ತೈತೆ ಎಂದು ಚಾಪೆಯ ಮೇಲೆ ಮಲಗಿದವರು ಏಳಲಿಲ್ಲ. ಅವರ ಹೆಂಡತಿಗೆ ನನ್ನ ನಂಬರು ಸಿಕ್ಕಿ ಫೋನ್ ಮಾಡುವ ಹೊತ್ತಿಗೆ ಮಣ್ಣಾಗಿತ್ತು. ಓಡಿಹೋಗಿ ನೋಡಿದರೆ ಮಗ್ಗದ ಪಕ್ಕದಲ್ಲಿ ಒಂದು ದೀಪ. ಆಕೆ ಮತ್ತು ನಾನು ಅದರ ಮುಂದೆ ಕೂತಿದ್ದೆವು. ನನ್ನಿಂದ ಏನೂ ಆಗಲಿಲ್ಲ ಎಂಬುದನ್ನು ಆಕೆಗೆ ಹೇಗೆ ಹೇಳಲಿ? ಒಂದು ಸಲ ಮುಖ ಎತ್ತಿ ನೋಡುವಂತೆ ಮಾಡಿದೆ, ಅಷ್ಟೇ. ಅದರಾಚೆಗೆ ಅವರನ್ನು ತರಲು ಆಗಲಿಲ್ಲ.

ಮರುವರ್ಷ ನಮ್ಮ ದೇಶ ಚಂದ್ರನ ಕಡೆಗೆ ನೌಕೆ ಕಳಿಸಿತು. ಬೆಳಗಿನ ಜಾವದಲ್ಲಿ ಎದ್ದು ನೋಡಬೇಕೋ ಬೇಡವೋ ಎಂದು ನಾನು ಹಾಸಿಗೆಯಲ್ಲೇ ಹೊರಳಾಡುತ್ತಿದ್ದೆ. ನಡುಮನೆಯಲ್ಲಿ ಟಿವಿಯ ಸದ್ದು. ಅಪ್ಪ ನನಗಿಂತ ಮೊದಲೇ ಎದ್ದು, ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದ. ಅವನಿಗೂ ವಯಸ್ಸಾಗಿತ್ತು, ಮಿಲ್ಲನ್ನು ನನ್ನ ತಮ್ಮನಿಗೆ ಬಿಟ್ಟುಕೊಟ್ಟಿದ್ದ.

‘ಬಾ ಇಲ್ಲಿ, ಬಿಡ್ತಾರಂತೆ ಈಗ’ ಎಂದು ಪಕ್ಕದ ಕುರ್ಚಿ ಎಳೆದ.

ಹಿಂದಕ್ಕೆ ಎಣಿಸುವುದು ಶುರುವಾದಾಗ ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಅಪ್ಪ ‘ಹೋಯ್ತು, ಹೋಯ್ತು ನೋಡು’ ಎಂದಾಗ ತೆರೆದೆ. ಮೋಡದೊಳಗೆ ಬೆಂಕಿ ಕರಗುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟುವುದನ್ನು ತೋರಿಸಿದರು. ಅಪ್ಪ ಟಿವಿಯ ಕಡೆಯೇ ನೋಡುತ್ತಾ ಹೇಳಿದ:

‘ನಿಮ್ಮ ಮೇಷ್ಟ್ರಿಗೆ ಒಂದು ಫೋನ್ ಹಚ್ಚು. ನೋಡ್ತಾ ಇದ್ದಾರೋ ಇಲ್ವೋ. ನಾನೂ ಒಂದು ಮಾತು ಆಡ್ತೀನಿ.’

ನಾನು ಅಪ್ಪನ ಮುಖ ನೋಡಿದೆ.

‘ಅವ್ರು ಹೋದ್ರು ಅಪ್ಪಾಜಿ. ಹೋದ ವರ್ಷನೇ.’

‘ನಂಗೆ ಹೇಳ್ಲಿಲ್ಲ ನೀನು.’

‘ಹೆಂಗೆ ಹೇಳ್ಲಿ ಅಪ್ಪಾಜಿ? ಅವ್ರ ಹೆಸರೆತ್ತಿದ್ರೆ ನೀವು ಎದ್ದು ಹೋಗ್ತಿದ್ರಿ.’

ಅಪ್ಪ ತಲೆಯಾಡಿಸಿದ. ಶಾಲನ್ನು ಬಿಗಿಯಾಗಿ ಎಳೆದುಕೊಂಡ. ಅವ್ವ ಕಾಫಿ ತಂದು ಇಬ್ಬರ ಮುಂದೆಯೂ ಇಟ್ಟು, ನಮ್ಮ ಮುಖ ನೋಡಿ ಏನೂ ಕೇಳದೆ ಒಳಗೆ ಹೋದಳು. ಅಪ್ಪ ಕಾಫಿ ಮುಟ್ಟಲಿಲ್ಲ. ‘ಅವ್ರ ಹೆಂಡ್ತಿ ಅಲ್ಲೇ ಇದ್ದಾರಾ?’ ಎಂದು ಕೇಳಿದ. ಇದ್ದಾರೆ ಎಂದೆ. ಮತ್ತೆ ಏನಾದರೂ ಹೇಳುತ್ತಾನೆಂದು ಕಾದೆ. ಶಾಲೆಗೆ ಹೊತ್ತಾಗುವವರೆಗೂ ಕಾದೆ. ಹೇಳಲಿಲ್ಲ.